ಮಾಧ್ಯಮವನ್ನು ಬೈಯುವವರು ಬಹಳ, ಓದುವವರು ಯಾರು?

(ಮಾಗಡಿಯಲ್ಲಿ ಹೆತ್ತವರು ಮತ್ತು ಪದವಿ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪದವಿ ಮುಗಿದ ಮೇಲೆ ಮಕ್ಕಳು ಯಾವ ದಾರಿ ಹಿಡಿಯಬೇಕೆಂಬುದರ ಕುರಿತು ಮಾತನಾಡಲು ನನ್ನನ್ನು ಇಲ್ಲಿಗೆ ಕರೆದಿದ್ದೀರಿ. ಎಂಜಿನಿಯರಿಂಗ್, ವೈದ್ಯಕೀಯ, ಬಿ.ಎಡ್., ಬ್ಯಾಂಕ್ ಪರೀಕ್ಷೆಗಳ ಬಗ್ಗೆ ಹೇಳಬಲ್ಲವರು ಈ ಊರಿನಲ್ಲಿ ಸಾಕಷ್ಟಿದ್ದಾರೆ. ನಾನು ಆರಿಸಿಕೊಂಡಿರುವುದು ನಮ್ಮ ಮನೆಗಳಲ್ಲಿ ಅಪರೂಪಕ್ಕೂ ಚರ್ಚೆಗೆ ಬಾರದ ಒಂದು ವ್ಯಾಸಂಗವನ್ನು: ಮಾಧ್ಯಮ ಮತ್ತು ರಾಜಕೀಯ ಸಂವಹನದ ಸ್ನಾತಕೋತ್ತರ ಅಧ್ಯಯನ. ಸುದ್ದಿ ಹೇಗೆ ಹುಟ್ಟುತ್ತದೆ, ಯಾರ ಮಾತು ಸುದ್ದಿಯಾಗುತ್ತದೆ, ಯಾರದು ಆಗುವುದಿಲ್ಲ, ಆಳುವವರು ಪ್ರಜೆಗಳೊಡನೆ ಹೇಗೆ ಮಾತನಾಡುತ್ತಾರೆ, ಪ್ರಜೆಗಳ ಅಹವಾಲು ಆಳುವವರ ಕಿವಿಗೆ ಯಾವ ದಾರಿಯಿಂದ ತಲುಪುತ್ತದೆ - ಇವುಗಳನ್ನು ಶಿಸ್ತುಬದ್ಧವಾಗಿ ಕಲಿಸುವ ವಿದ್ಯೆ ಅದು.

ಮಾಧ್ಯಮಗಳ ಬಗ್ಗೆ ನಮ್ಮಲ್ಲಿ ಮಾತಿಗೇನೂ ಬರವಿಲ್ಲ. ಮಸೀದಿಯ ಅಂಗಳದಲ್ಲಿ, ಚಹಾದ ಅಂಗಡಿಯಲ್ಲಿ, ಮದುವೆಯ ಮನೆಯಲ್ಲಿ ಈ ವಿಷಯ ಬಂದರೆ ಎಲ್ಲರ ಬಳಿಯೂ ಒಂದೊಂದು ದೂರು ಇರುತ್ತದೆ. ಆ ದೂರುಗಳಲ್ಲಿ ಬಹುಪಾಲು ನ್ಯಾಯವಾದವುಗಳೇ. ಆದರೆ ಇಷ್ಟು ದೂರುಗಳಿರುವ ಸಮುದಾಯದಲ್ಲಿ, ಆ ದೂರನ್ನು ಎಲ್ಲಿ, ಯಾರಿಗೆ, ಯಾವ ಭಾಷೆಯಲ್ಲಿ, ಎಷ್ಟು ದಿನದೊಳಗೆ ಸಲ್ಲಿಸಬೇಕೆಂದು ಬಲ್ಲವರು ಎಷ್ಟು ಮಂದಿ? ನನ್ನ ಮಾತು ಇರುವುದು ಇಷ್ಟರ ಬಗ್ಗೆಯೇ.

ಇದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. ಇದೇ ತಾಲೂಕಿನ ಕಲ್ಯಕ್ಕೆ ಹೋಗೋಣ. ನಿಮ್ಮಲ್ಲಿ ಅನೇಕರು ಅದರ ಪಕ್ಕದಲ್ಲೇ ಹಾದು ಹೋಗುತ್ತೀರಿ. ಶಾಸನಗಳಲ್ಲಿ ‘ಕಲ್ಲೆಹ’ ಎಂದು ಕರೆಯಲ್ಪಟ್ಟಿರುವ ಆ ಊರು ಒಂದು ಕಾಲದಲ್ಲಿ ವರ್ತಕರ ಪಟ್ಟಣವಾಗಿತ್ತು. 1368ರಲ್ಲಿ ವಿಜಯನಗರದ ಬುಕ್ಕರಾಯನ ಆಳ್ವಿಕೆಯಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ತಕರಾರು ಹುಟ್ಟಿತು. ತಮಗೆ ಅನ್ಯಾಯವಾಗುತ್ತಿದೆ ಎಂದು ಜೈನರು ದೊರೆಗೆ ಬಿನ್ನಹ ಮಾಡಿಕೊಂಡರು. ಬಿನ್ನಹ ಒಂದು ಊರಿನದಲ್ಲ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮತ್ತು ಕಲ್ಲೆಹ - ಈ ಪಟ್ಟಣಗಳ ಜೈನರು ಸೇರಿ ಮಾಡಿದ್ದು. ಬುಕ್ಕರಾಯ ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಒಂದೆಡೆ ಕೂಡಿಸಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಗಿತ್ತು, ಎರಡು ದರ್ಶನಗಳ ನಡುವೆ ಭೇದವಿಲ್ಲವೆಂದು ಸಾರಿದ. ಜೈನರಿಗೆ ಪಂಚಮಹಾವಾದ್ಯ ಮತ್ತು ಕಳಶದ ಹಕ್ಕು ಮೊದಲಿನಂತೆಯೇ ಸಲ್ಲುವುದೆಂದೂ, ಜೈನರಿಗೆ ಆಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಬಗೆಯಬೇಕೆಂದೂ ನಿಯಮವಾಯಿತು. ಆ ನಿಯಮವನ್ನು ಕಲ್ಲಿನಲ್ಲಿ ಕೆತ್ತಿಸಿದರು. ಒಂದು ಪ್ರತಿ ಶ್ರವಣಬೆಳಗೊಳದ ಭಂಡಾರಿ ಬಸದಿಯ ಬಳಿ ಇದೆ. ಇನ್ನೊಂದು ನಿಮ್ಮ ಕಲ್ಯದಲ್ಲಿ.

ಈ ಶಾಸನವನ್ನು ಧರ್ಮಸಹಿಷ್ಣುತೆಗೆ ನಿದರ್ಶನವಾಗಿ ವೇದಿಕೆಗಳಲ್ಲಿ ಹೇಳುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಅಲ್ಲಿಗೆ ಮುಗಿಯಿತು. ಆದರೆ ರಾಜಕೀಯ ಸಂವಹನವನ್ನು ಓದಿದ ಒಬ್ಬ ವಿದ್ಯಾರ್ಥಿನಿಯ ಕೈಗೆ ಇದೇ ಪಠ್ಯವನ್ನು ಕೊಟ್ಟು ನೋಡಿ. ಅವಳು ಚಪ್ಪಾಳೆಗೆ ಮುಂಚೆ ಪ್ರಶ್ನೆಗಳನ್ನು ಕೇಳುತ್ತಾಳೆ.

ಮೊದಲ ಪ್ರಶ್ನೆ: ಒಂದು ಊರಿನ ಅಹವಾಲು ನಾಲ್ಕು ಪಟ್ಟಣಗಳ ಅಹವಾಲಾಗಿದ್ದು ಹೇಗೆ? ಕಲ್ಲೆಹದವರಿಗೆ ಪೆನುಗೊಂಡೆಯವರೊಡನೆ ಸಂಪರ್ಕವಿದ್ದಿರಬೇಕು. ಬಿಡಿಬಿಡಿಯಾಗಿ ಗೊಣಗುವ ಬದಲು ಅವರು ಒಂದು ಮಾತಿಗೆ ಬಂದರು. ಎರಡನೆಯದು: ದೊರೆ ತೀರ್ಪನ್ನು ಬರೆಸಿ ಕಳಿಸಿಬಿಡಬಹುದಿತ್ತಲ್ಲ, ಎಲ್ಲರೆದುರು ಕೈ ಹಿಡಿದು ಕೈಗಿಡುವ ಕ್ರಿಯೆ ಏಕೆ ಬೇಕಾಯಿತು? ಅಕ್ಷರ ಬಲ್ಲವರು ಕೆಲವರೇ ಇದ್ದ ಕಾಲದಲ್ಲಿ ಕಣ್ಣಿಗೆ ಕಂಡದ್ದೇ ಕಾನೂನು. ಇಂದಿನ ಮುಖ್ಯಮಂತ್ರಿ ಕ್ಯಾಮೆರಾದೆದುರು ಯಾರ ಕೈ ಕುಲುಕುತ್ತಾರೆ, ಯಾರ ಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ ಎಂದು ಪತ್ರಕರ್ತರು ಗಮನಿಸುವುದು ಇದೇ ಕಾರಣಕ್ಕೆ. ಮೂರನೆಯದು: ಶಾಸನವನ್ನು ಬಸದಿಗಳಲ್ಲಿ ನೆಡಿಸುವ ಹೊಣೆಯನ್ನು ಯಾರಿಗೆ ವಹಿಸಿದರು? ವೈಷ್ಣವರಿಗೆ. ಅಂದರೆ ಬಲವುಳ್ಳ ಪಕ್ಷವೇ ದುರ್ಬಲರ ಹಕ್ಕನ್ನು ಸಾರುವ ಕಲ್ಲನ್ನು ನಿಲ್ಲಿಸಬೇಕು. ಇದರ ಜಾಣತನವನ್ನು ನೀವೇ ಯೋಚಿಸಿ.

ಇನ್ನು ನಾಲ್ಕನೆಯ ಪ್ರಶ್ನೆ ಸ್ವಲ್ಪ ಕಹಿಯಾದುದು: ಹಣ ಕೊಟ್ಟವರು ಯಾರು? ರಾಜ್ಯದ ಪ್ರತಿಯೊಂದು ಜೈನ ಮನೆಯೂ ವರ್ಷಕ್ಕೆ ಒಂದು ಹಣ ತೆರಬೇಕು; ತಿರುಮಲೆಯ ತಾತಯ್ಯ ಅದನ್ನು ಪಡೆದು ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು; ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ರಕ್ಷಣೆ ಪಡೆಯುವವರೇ ರಕ್ಷಣೆಯ ವೆಚ್ಚವನ್ನು ಭರಿಸಬೇಕು, ಆ ಹಣ ಎದುರು ಪಕ್ಷದ ಒಬ್ಬ ಗಣ್ಯರ ಕೈ ಸೇರಬೇಕು. ಇದರಿಂದ ಬುಕ್ಕರಾಯನ ನ್ಯಾಯಬುದ್ಧಿಯೇನೂ ಸುಳ್ಳಾಗುವುದಿಲ್ಲ. ಆ ಕಾಲಕ್ಕೆ ಅದು ದೊಡ್ಡ ಮಾತೇ. ಆದರೆ ಹೊಗಳಿಕೆಯ ಹಿಂದಿರುವ ಲೆಕ್ಕವನ್ನೂ ಓದಬಲ್ಲವನೇ ನಿಜವಾಗಿ ಓದಿದವನು.

ಶಾಸನದ ಕೊನೆಯಲ್ಲಿ ಇನ್ನೊಂದು ಸಂಗತಿ ಇದೆ. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಎಂಬಾತ ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಸಿ ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದ. ಎರಡೂ ಸಮಯದವರು ಕೂಡಿ ಆತನಿಗೆ ಸಂಘನಾಯಕ ಪಟ್ಟ ಕೊಟ್ಟರು. ಕಲ್ಲಿನಲ್ಲಿ ಕೆತ್ತಿದ್ದೂ ತಾನೇ ಉಳಿಯುವುದಿಲ್ಲ. ಅದನ್ನು ಓದಿ, ಅದರಲ್ಲೇನಿದೆಯೆಂದು ನೆನಪಿಟ್ಟುಕೊಂಡು, ಸವೆದಾಗ ಮತ್ತೆ ದೊರೆಯ ಬಾಗಿಲಿಗೆ ಹೋಗುವ ಒಬ್ಬ ಮನುಷ್ಯ ಬೇಕಾಗುತ್ತಾನೆ. ಕಲ್ಯದ ಆ ವರ್ತಕ ಅಂಥವನಾಗಿದ್ದ.

ಈಗ ನಮ್ಮ ಕಾಲಕ್ಕೆ ಬರೋಣ. 2020ರ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ. ಕೊರೋನಾ ಲಾಕ್‌ಡೌನ್. ದೆಹಲಿಯ ನಿಝಾಮುದ್ದೀನ್ ಮರ್ಕಝ್‌ನ ಸುದ್ದಿಯನ್ನು ಹಿಡಿದು ದೇಶದ ಟಿ.ವಿ. ವಾಹಿನಿಗಳು ಹೇಗೆ ಅಬ್ಬರಿಸಿದವೆಂಬುದನ್ನು ನಿಮಗೆ ನೆನಪಿಸಬೇಕಾಗಿಲ್ಲ. ತರಕಾರಿ ಮಾರುವ ನಮ್ಮ ಹುಡುಗರು ಬೀದಿಯಲ್ಲಿ ಹೆಸರು ಹೇಳಲು ಅಂಜಿದ ದಿನಗಳವು. ಮನೆಯಲ್ಲಿ ಕುಳಿತು ನಾವು ನೊಂದೆವು, ಸಿಟ್ಟಾದೆವು, ಟಿ.ವಿ. ಆರಿಸಿದೆವು.

ಆಗ ಬೆಂಗಳೂರಿನ ‘ಕ್ಯಾಂಪೇನ್ ಅಗೇನ್ಸ್ಟ್ ಹೇಟ್ ಸ್ಪೀಚ್’ ಎಂಬ ಗುಂಪಿನವರು ಟಿ.ವಿ. ಆರಿಸಲಿಲ್ಲ. ಕಾರ್ಯಕ್ರಮಗಳನ್ನು ಕುಳಿತು ನೋಡಿದರು, ಸುದ್ದಿ ಪ್ರಸಾರ ಮಾನದಂಡ ಪ್ರಾಧಿಕಾರಕ್ಕೆ, ಅಂದರೆ ಎನ್‌ಬಿಎಸ್‌ಎಗೆ ದೂರು ಕೊಟ್ಟರು. ಖಾಸಗಿ ಸುದ್ದಿ ವಾಹಿನಿಗಳು ತಾವೇ ಕಟ್ಟಿಕೊಂಡ ಸಂಸ್ಥೆ ಅದು. ಆಗ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಕೆ. ಸಿಕ್ರಿ ಅದರ ಅಧ್ಯಕ್ಷರಾಗಿದ್ದರು. 2021ರ ಜೂನ್‌ನಲ್ಲಿ ಆದೇಶ ಬಂತು. ತಬ್ಲೀಗ್ ಕುರಿತ ಕಾರ್ಯಕ್ರಮಗಳಿಗಾಗಿ ನ್ಯೂಸ್18 ಕನ್ನಡ ವಾಹಿನಿಗೆ 1 ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ. ಟೈಮ್ಸ್ ನೌ ಆಂಗ್ಲ ವಾಹಿನಿಗೆ ಛೀಮಾರಿ. ನ್ಯೂಸ್18 ಕನ್ನಡದ ಕಾರ್ಯಕ್ರಮಗಳ ಧಾಟಿ ಮತ್ತು ಭಾಷೆ ಪೂರ್ವಗ್ರಹಪೀಡಿತವಾಗಿತ್ತೆಂದು ಪ್ರಾಧಿಕಾರ ಹೇಳಿತು. ಕ್ಷಮೆಯಾಚನೆಯನ್ನು ಪ್ರಸಾರ ಮಾಡುವಂತೆ ಸೂಚಿಸಿತು.

“ಒಂದು ಲಕ್ಷ ದಂಡದಿಂದ ಏನಾಗುತ್ತದೆ?” ಎಂದು ಯಾರಾದರೂ ಕೇಳಬಹುದು. ಸರಿಯಾದ ಪ್ರಶ್ನೆಯೇ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಕೇಳಿತು: ಒಂದು ಲಕ್ಷದ ಮಿತಿ ವಾಹಿನಿಗಳಿಗೆ ಅಂಕುಶವಾದೀತೇ? ಆ ಸಂಸ್ಥೆಯ ಸದಸ್ಯರಲ್ಲದ ವಾಹಿನಿಗಳ ಮೇಲಂತೂ ಅದಕ್ಕೆ ಹಿಡಿತವೇ ಇಲ್ಲ. ಆದರೂ ನಾನು ಈ ಆದೇಶಕ್ಕೆ ಬೆಲೆ ಕೊಡುತ್ತೇನೆ, ಏಕೆಂದರೆ ಅದು ದಾಖಲೆ. ನಾಳೆ ಯಾರಾದರೂ “ಅಂಥದ್ದೇನೂ ನಡೆಯಲೇ ಇಲ್ಲ, ಇವರದು ಬರೀ ಗೋಳು” ಎಂದರೆ, ವಾಹಿನಿಗಳದೇ ಸಂಸ್ಥೆ, ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೊಟ್ಟ ಆದೇಶವನ್ನು ಅವರ ಮುಂದಿಡಬಹುದು. ನಮ್ಮ ಸಿಟ್ಟಿಗೆ ಅಂಥ ದಾಖಲೆಯಿಲ್ಲ. ಅದು ಆ ರಾತ್ರಿಯೇ ಆರಿಹೋಯಿತು.

ಅಂಥ ದೂರಿನಲ್ಲಿ ಏನಿರಬೇಕು ನೋಡಿ. ಕಾರ್ಯಕ್ರಮದ ಹೆಸರು, ದಿನಾಂಕ, ಪ್ರಸಾರವಾದ ಹೊತ್ತು. ನಿರೂಪಕ ಆಡಿದ ಮಾತು ಅಕ್ಷರಶಃ. “ಏನೇನೋ ಅಂದ” ಎಂದರೆ ನಡೆಯುವುದಿಲ್ಲ. ಪರದೆಯ ಮೇಲೆ ಮೂಡಿದ ಅಕ್ಷರಗಳು, ಹಿನ್ನೆಲೆಯಲ್ಲಿ ತೋರಿಸಿದ ಚಿತ್ರ, ಆ ಚಿತ್ರ ಅದೇ ಘಟನೆಯದೇ ಅಥವಾ ಬೇರೆಲ್ಲಿಯದೋ. ಕೊನೆಗೆ, ಇದು ಸಂಹಿತೆಯ ಯಾವ ನಿಯಮದ ಉಲ್ಲಂಘನೆ. ಪ್ರಸಾರವಾದ 7 ದಿನದೊಳಗೆ ಮೊದಲು ವಾಹಿನಿಗೇ ಬರೆಯಬೇಕು. ಅಲ್ಲಿ ತೃಪ್ತಿಕರ ಉತ್ತರ ಬಾರದಿದ್ದರೆ ಪ್ರಾಧಿಕಾರಕ್ಕೆ. ದಿನಪತ್ರಿಕೆ ಅಥವಾ ವಾರಪತ್ರಿಕೆಯ ವಿಷಯವಾದರೆ ಮೊದಲು ಸಂಪಾದಕರಿಗೆ ಬರೆದು, ಪ್ರಕಟವಾದ ಎರಡು ತಿಂಗಳೊಳಗೆ ಪ್ರೆಸ್ ಕೌನ್ಸಿಲ್‌ಗೆ ಹೋಗಬೇಕು. 1978ರ ಕಾಯ್ದೆಯ ಪ್ರಕಾರ ಕೌನ್ಸಿಲ್ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು. ದಂಡ ವಿಧಿಸುವ ಅಧಿಕಾರ ಅದಕ್ಕಿಲ್ಲ. ನಮ್ಮ ಊರುಗಳಲ್ಲಿ ವಕೀಲರಿದ್ದಾರೆ, ಆದರೆ ಒಂದು ಗಂಟೆಯ ಟಿ.ವಿ. ಚರ್ಚೆಯನ್ನು ನಿಮಿಷ ನಿಮಿಷವಾಗಿ ಬಿಡಿಸಿ ಬರೆಯಬಲ್ಲವರು ಬೇಕಲ್ಲ? ಆ ಕೆಲಸಕ್ಕೆ ತರಬೇತಿ ಬೇಕು. ಅದನ್ನು ಕಲಿಸುವ ಸ್ಥಳಗಳಿವೆ.

ತರಗತಿಯಲ್ಲಿ ಏನು ಹೇಳಿಕೊಡುತ್ತಾರೆಂದು ಹೆತ್ತವರು ಕೇಳುವುದು ಸಹಜ. ಕ್ಯಾಮೆರಾ ಹಿಡಿಯುವುದು, ಮೈಕಿನ ಮುಂದೆ ನಿಲ್ಲುವುದು ಇವೆಲ್ಲ ಇವೆ. ಆದರೆ ಅವು ಆರು ತಿಂಗಳ ಕೆಲಸ. ಸ್ನಾತಕೋತ್ತರ ಅಧ್ಯಯನದ ತಿರುಳು ಬೇರೆ. ಒಂದು ಉದಾಹರಣೆ ಹೇಳುತ್ತೇನೆ. 1968ರಲ್ಲಿ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಮ್ಯಾಕ್ಸ್‌ವೆಲ್ ಮೆಕೋಂಬ್ಸ್ ಮತ್ತು ಡೊನಾಲ್ಡ್ ಶಾ ಎಂಬ ಇಬ್ಬರು ಅಧ್ಯಾಪಕರು ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್ ಎಂಬ ಊರಿನಲ್ಲಿ, ಯಾರಿಗೆ ಮತ ಹಾಕಬೇಕೆಂದು ಇನ್ನೂ ತೀರ್ಮಾನಿಸದ 100 ಮತದಾರರನ್ನು ಮಾತನಾಡಿಸಿದರು. ದೇಶದ ಮುಖ್ಯ ಸಮಸ್ಯೆಗಳು ಯಾವುವು ಎಂಬ ಪ್ರಶ್ನೆಗೆ ಬಂದ ಉತ್ತರಗಳನ್ನೂ, ಅದೇ ದಿನಗಳಲ್ಲಿ ಪತ್ರಿಕೆ ಮತ್ತು ಟಿ.ವಿ.ಗಳು ಯಾವ ವಿಷಯಕ್ಕೆ ಎಷ್ಟು ಜಾಗ ಕೊಟ್ಟಿದ್ದವೆಂಬುದನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಎರಡೂ ಪಟ್ಟಿಗಳು ಹೆಚ್ಚುಕಡಿಮೆ ಒಂದೇ! ಮಾಧ್ಯಮ ನಮಗೆ ಹೀಗೆಯೇ ಯೋಚಿಸಿ ಎಂದು ಹೇಳಲಾರದಿರಬಹುದು, ಆದರೆ ಯಾವುದರ ಬಗ್ಗೆ ಯೋಚಿಸಬೇಕೆಂದು ತೀರ್ಮಾನಿಸಿಬಿಡುತ್ತದೆ. ನಮ್ಮ ಊರಿನ ಚರಂಡಿ, ಶಾಲೆ, ಆಸ್ಪತ್ರೆಗಳನ್ನು ಬಿಟ್ಟು ನಾವು ವಾರಗಟ್ಟಲೆ ಇನ್ನಾವುದೋ ವಿವಾದದ ಬಗ್ಗೆ ವಾದಿಸುತ್ತೇವಲ್ಲ, ಆ ವಿವಾದವನ್ನು ನಮ್ಮ ಮುಂದಿಟ್ಟವರು ಯಾರೆಂದು ಒಮ್ಮೆಯಾದರೂ ಕೇಳಿದ್ದೇವೆಯೇ?

ಜರ್ಮನಿಯ ಎಲಿಜಬೆತ್ ನೋಯೆಲ್ ನಾಯ್ಮನ್ ಎಂಬ ಮಹಿಳೆ 1974ರಲ್ಲಿ ‘ಮೌನದ ಸುರುಳಿ’ ಎಂಬ ವಾದವನ್ನು ಮುಂದಿಟ್ಟರು. ತನ್ನ ಅಭಿಪ್ರಾಯಕ್ಕೆ ಬೆಂಬಲವಿಲ್ಲ ಎಂದು ಭಾವಿಸಿದವನು ಒಂಟಿಯಾಗುವ ಭಯದಿಂದ ಬಾಯಿ ಮುಚ್ಚುತ್ತಾನೆ; ಅವನು ಬಾಯಿ ಮುಚ್ಚಿದ್ದನ್ನು ನೋಡಿ ಅವನಂತೆಯೇ ಯೋಚಿಸುವ ಇನ್ನೊಬ್ಬ ಸುಮ್ಮನಾಗುತ್ತಾನೆ; ಹೀಗೆ ಮೌನ ಬೆಳೆಯುತ್ತ ಹೋಗುತ್ತದೆ. ಇದನ್ನು ಓದಿದಾಗ ನನಗೆ ಜರ್ಮನಿ ನೆನಪಾಗಲಿಲ್ಲ. ಬಸ್ಸಿನಲ್ಲಿ ಯಾರೋ ಏನೋ ಅಂದಾಗ ಕಿಟಕಿಯಾಚೆ ನೋಡುವ ನಮ್ಮ ಜನರು ನೆನಪಾದರು. ಹಾಗೆಯೇ, ಆ ಮಾತು ಸರಿಯಲ್ಲವೆಂದು ತಿಳಿದೂ ಸುಮ್ಮನಿದ್ದ ಪಕ್ಕದ ಸೀಟಿನ ನೆರೆಯವರೂ ನೆನಪಾದರು.

ಈ ತರಗತಿಗಳಲ್ಲಿ ಚೌಕಟ್ಟಿನ ಬಗ್ಗೆಯೂ ಓದುತ್ತಾರೆ. 2022ರ ಫೆಬ್ರವರಿ 8ರಂದು ಮಂಡ್ಯದ ಕಾಲೇಜೊಂದರ ಆವರಣದಲ್ಲಿ ನಡೆದದ್ದನ್ನು ನೀವೆಲ್ಲ ನೋಡಿದ್ದೀರಿ. ಬುರ್ಖಾ ಧರಿಸಿದ ವಿದ್ಯಾರ್ಥಿನಿ ಸ್ಕೂಟರ್ ನಿಲ್ಲಿಸಿ ನಡೆದು ಬರುತ್ತಾಳೆ, ಕೇಸರಿ ಶಾಲು ಹೊದ್ದ ಯುವಕರ ಗುಂಪು ಘೋಷಣೆ ಕೂಗುತ್ತ ಅವಳ ಹಿಂದೆ ಬರುತ್ತದೆ, ಅವಳೂ ಕೂಗಿ ಉತ್ತರಿಸುತ್ತಾಳೆ. ಒಂದೇ ದೃಶ್ಯ. ಒಂದು ಕಡೆ ಅದು ವೀರಗಾಥೆಯಾಯಿತು, ಇನ್ನೊಂದು ಕಡೆ ಪಿತೂರಿಯಾಯಿತು. ಆ ಹುಡುಗಿ ಅಂದು ಕಾಲೇಜಿಗೆ ಬಂದದ್ದು ಅಸೈನ್‌ಮೆಂಟ್ ಸಲ್ಲಿಸಲು. ಅವಳನ್ನು ಕೊಂಡಾಡಿದ ನಮ್ಮ ಕಡೆಯ ಚೌಕಟ್ಟಿನಲ್ಲಾಗಲಿ, ಹಳಿದವರ ಚೌಕಟ್ಟಿನಲ್ಲಾಗಲಿ ಆ ಅಸೈನ್‌ಮೆಂಟಿಗೆ ಎಷ್ಟು ಜಾಗ ಸಿಕ್ಕಿತು? ಇಂಥ ಪ್ರಶ್ನೆಯನ್ನು ತನ್ನವರಿಗೂ ಕೇಳುವ ಧೈರ್ಯವಿದ್ದರೆ ಅದು ವಿದ್ಯೆ.

ಹಿರಿಯರೇ, ಇದು ನಮಗೆ ಹೊಸದೇನಲ್ಲ. ಹದೀಸ್ ವಿದ್ವಾಂಸರು ಒಂದು ವರದಿಯನ್ನು ಸ್ವೀಕರಿಸುವ ಮೊದಲು ಅದು ಯಾರಿಂದ ಯಾರಿಗೆ ಬಂತು, ನಡುವಿನ ವರದಿಗಾರ ನಂಬಿಕಸ್ಥನೇ, ಆತನ ನೆನಪಿನ ಶಕ್ತಿ ಹೇಗಿತ್ತು, ಯಾರಿಂದ ಕೇಳಿದೆನೆಂದು ಹೇಳಿದನೋ ಅವರನ್ನು ನಿಜಕ್ಕೂ ಭೇಟಿಯಾಗಿದ್ದನೇ ಎಂದು ಶೋಧಿಸಿದರು. ವರದಿಗಾರರ ಜೀವನ ಚರಿತ್ರೆಗಳ ಒಂದು ಶಾಸ್ತ್ರವನ್ನೇ ಕಟ್ಟಿದರು. ಆ ಪರಂಪರೆಯ ವಾರಸುದಾರರಾದ ನಾವು ಇಂದು ವಾಟ್ಸಾಪ್‌ನಲ್ಲಿ ಬಂದದ್ದನ್ನು ಮೂಲ ನೋಡದೆ ಹತ್ತು ಗುಂಪುಗಳಿಗೆ ರವಾನಿಸುತ್ತೇವೆ. ಮಾಧ್ಯಮದ ಪೂರ್ವಗ್ರಹದ ಬಗ್ಗೆ ಭಾಷಣ ಮಾಡುವವರ ಮೊಬೈಲಿನಿಂದಲೇ ಅದು ಹೊರಡುತ್ತದೆ ಎಂಬುದು ಇನ್ನೂ ದೊಡ್ಡ ತಮಾಷೆ.

ಪತ್ರಿಕೆಗೂ ನಮಗೂ ನಂಟಿಲ್ಲವೆಂದಲ್ಲ. 1857ರಲ್ಲಿ ಬ್ರಿಟಿಷರು ಮರಣದಂಡನೆ ವಿಧಿಸಿದ ಮೌಲವಿ ಮುಹಮ್ಮದ್ ಬಾಕಿರ್ ‘ದೆಹಲಿ ಉರ್ದು ಅಖ್ಬಾರ್’ನ ಸಂಪಾದಕರು. 1912ರಲ್ಲಿ ಮೌಲಾನಾ ಆಝಾದ್ ಕಲ್ಕತ್ತಾದಿಂದ ‘ಅಲ್ ಹಿಲಾಲ್’ ಹೊರಡಿಸಿದರು. ಬೆಂಗಳೂರಿನಲ್ಲಿ 1964ರಿಂದ ‘ಸಾಲಾರ್’ ಬರುತ್ತಿದೆ; ಮಂಗಳೂರಿನಲ್ಲಿ 2003ರಲ್ಲಿ ‘ವಾರ್ತಾಭಾರತಿ’ ಕನ್ನಡ ದಿನಪತ್ರಿಕೆ ಆರಂಭವಾಯಿತು. ಪತ್ರಿಕೋದ್ಯಮದ ಶಿಕ್ಷಣದಲ್ಲೂ ಅಷ್ಟೇ. ಅಲಿಘರ್ ಮುಸ್ಲಿಂ ವಿಶ್ವವಿದ್ಯಾಲಯ 1938ರಷ್ಟು ಹಿಂದೆಯೇ ಪತ್ರಿಕೋದ್ಯಮದ ಡಿಪ್ಲೊಮಾ ಆರಂಭಿಸಿತ್ತು. ಭಾರತದ ವಿಶ್ವವಿದ್ಯಾಲಯಗಳಲ್ಲಿ ಇಂಥ ಮೊದಲ ಪ್ರಯತ್ನಗಳಲ್ಲಿ ಅದೊಂದು. ಆದರೆ 1940ರಲ್ಲಿ ಅದು ನಿಂತುಹೋಯಿತು. ಮರುವರ್ಷ, 1941ರಲ್ಲಿ, ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಪಿ.ಪಿ. ಸಿಂಗ್ ಆರಂಭಿಸಿದ ವಿಭಾಗವೇ ಮುಂದುವರಿಯಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮ ವಿಭಾಗವನ್ನು ಕಟ್ಟಿದರು; ಕನ್ನಡ ನಾಡಿನಲ್ಲಿ ಈ ವಿದ್ಯೆಗೆ ಬುನಾದಿ ಅದೇ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಸಂವಹನ ವಿಭಾಗ ಬಂತು. ಮಾಗಡಿಯಿಂದ ಜ್ಞಾನಭಾರತಿ ಎಷ್ಟು ದೂರ? ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆಗೆ ಬರಬಹುದಾದಷ್ಟು.

ಇಷ್ಟು ಹತ್ತಿರವಿದ್ದೂ ನಾವು ಹೋಗದಿದ್ದುದರ ಫಲ ಅಂಕಿಗಳಲ್ಲಿದೆ. 2006ರಲ್ಲಿ ಅನಿಲ್ ಚಮಾಡಿಯಾ, ಜಿತೇಂದ್ರ ಕುಮಾರ್ ಮತ್ತು ಯೋಗೇಂದ್ರ ಯಾದವ್ ಅವರು ದೆಹಲಿಯ 37 ಹಿಂದಿ ಮತ್ತು ಆಂಗ್ಲ ಮಾಧ್ಯಮ ಸಂಸ್ಥೆಗಳಲ್ಲಿ ನಿರ್ಧಾರ ಕೈಗೊಳ್ಳುವ 315 ಮಂದಿಯ ಸಮೀಕ್ಷೆ ಮಾಡಿದರು. ಅವರಲ್ಲಿ ಮುಸ್ಲಿಮರು ಶೇ. 3. ದಲಿತರು, ಆದಿವಾಸಿಗಳು ಒಬ್ಬರೂ ಇರಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಬಂದ ಸಾಚಾರ್ ಸಮಿತಿ ವರದಿ ಇದಕ್ಕೆ ಒಂದು ಕಾರಣವನ್ನೂ ಒದಗಿಸುತ್ತದೆ: 20 ವರ್ಷ ಮೀರಿದವರಲ್ಲಿ ಪದವೀಧರರು ಅಥವಾ ಡಿಪ್ಲೊಮಾ ಪಡೆದವರು ದೇಶದಲ್ಲಿ ಸುಮಾರು ಶೇ. 7 ಇದ್ದರೆ ಮುಸ್ಲಿಮರಲ್ಲಿ ಶೇ. 4ಕ್ಕೂ ಕಡಿಮೆ. ಇವು 2001ರ ಜನಗಣತಿಯ ಲೆಕ್ಕಗಳು. ಪದವೀಧರರೇ ಇಷ್ಟಿರುವಾಗ, ಇದ್ದ ಕೆಲವರೂ ಕಂಪ್ಯೂಟರ್ ಮತ್ತು ಗಲ್ಫ್ ಎಂದು ಹೊರಟಾಗ ಸುದ್ದಿಮನೆಯ ಮೇಜಿನಲ್ಲಿ ಕುಳಿತುಕೊಳ್ಳುವವರು ಯಾರು?

ಆದರೆ ಇಲ್ಲೊಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ನಮ್ಮ ಮಗ ಅಥವಾ ಮಗಳು ಪತ್ರಕರ್ತರಾಗಿ ಸಮುದಾಯದ ವಕೀಲರಾಗಬೇಕೆಂದು ನಾನು ಹೇಳುತ್ತಿಲ್ಲ. ಟಿ.ವಿ. ಚರ್ಚೆಗಳಲ್ಲಿ ಟೋಪಿ ಗಡ್ಡದ ಒಬ್ಬರನ್ನು ಕೂರಿಸಿ, ಎಲ್ಲರೂ ಅವರ ಮೇಲೆ ಬೀಳುವ ದೃಶ್ಯವನ್ನು ಕಂಡಿದ್ದೀರಿ. ಅಂಥ ಕುರ್ಚಿಗೆ ಇನ್ನೊಬ್ಬರನ್ನು ಸಿದ್ಧಪಡಿಸಲು ಎಂ.ಎ. ಬೇಕಿಲ್ಲ. ನನ್ನ ಆಸೆ ಬೇರೆ. ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ ಇದೆ. ಬಿಚ್ಚಾಣಿಕೆ ನಡೆಸುವ ರೀಲರುಗಳಲ್ಲಿ ನಮ್ಮ ಕುಟುಂಬಗಳು ಬಹಳ. ಗೂಡಿನ ದರ ಏರಿದರೆ ರೈತನಿಗೆ ಖುಷಿ, ರೀಲರಿಗೆ ಚಿಂತೆ; ಹೊರದೇಶದ ರೇಷ್ಮೆಯ ಮೇಲಿನ ಸುಂಕ ಇಳಿದರೆ ಇಬ್ಬರಿಗೂ ಪೆಟ್ಟು. ಈ ಲೆಕ್ಕವನ್ನು ಅಡಿಗೆಮನೆಯಲ್ಲಿ ಕೇಳುತ್ತ ಬೆಳೆದ ಹುಡುಗಿ ವಾಣಿಜ್ಯ ವರದಿಗಾರ್ತಿಯಾದರೆ, ಬಜೆಟ್ ದಿನ ಅವಳು ಕೇಳುವ ಪ್ರಶ್ನೆ ದೆಹಲಿಯಿಂದ ಬಂದವರಿಗೆ ಹೊಳೆಯುವುದಿಲ್ಲ. ಚನ್ನಪಟ್ಟಣದ ಗೊಂಬೆ ಮಾಡುವವರ ಮನೆಯ ಹುಡುಗನಿಗೆ ಮರ, ಅರಗು, ದಲ್ಲಾಳಿ, ಮೇಳ, ಚೀನಾದ ಪ್ಲಾಸ್ಟಿಕ್ ಎಲ್ಲವೂ ಗೊತ್ತು. ಮುಸ್ಲಿಮನನ್ನು ಮುಸ್ಲಿಮನೆಂಬ ಕಾರಣಕ್ಕೆ ಮಾತ್ರ ಸುದ್ದಿ ಮಾಡುತ್ತಾರೆಂಬುದು ನಮ್ಮ ದೂರು ತಾನೇ? ಹಾಗಾದರೆ ರೇಷ್ಮೆಯ ಬಗ್ಗೆ, ಕುಡಿಯುವ ನೀರಿನ ಬಗ್ಗೆ, ಆನೆ ದಾಳಿಯ ಬಗ್ಗೆ ಊರೆಲ್ಲ ನಂಬುವಂತೆ ಬರೆಯಬಲ್ಲವರು ನಮ್ಮ ಮನೆಗಳಿಂದ ಬರಲಿ.

ಇನ್ನೊಂದು ಅಪಾಯವನ್ನೂ ಹೇಳಿಬಿಡುತ್ತೇನೆ. ರಾಜಕೀಯ ಸಂವಹನ ಎರಡಲಗಿನ ಕತ್ತಿ. ಇದೇ ವಿದ್ಯೆ ಕಲಿತವರು ರಾಜಕೀಯ ಪಕ್ಷಗಳ ಪ್ರಚಾರ ಕೊಠಡಿಗಳಲ್ಲಿದ್ದಾರೆ. ಯಾವ ಜಾತಿಗೆ ಯಾವ ಸಂದೇಶ, ಯಾವ ಊರಿಗೆ ಯಾವ ಭಯ ಎಂದು ಲೆಕ್ಕ ಹಾಕುವುದು ಅವರ ಕೆಲಸ. ಸಂಬಳ ಅಲ್ಲಿಯೇ ಹೆಚ್ಚು. ಮಕ್ಕಳು ಆ ಕಡೆ ಹೋಗದಂತೆ ತಡೆಯುವ ಮಂತ್ರ ನನ್ನ ಬಳಿಯಿಲ್ಲ. ಮನೆಯಲ್ಲಿ ಸುಳ್ಳಿಗೆ ಎಷ್ಟು ಬೆಲೆಯಿದೆ ಎಂಬುದರ ಮೇಲೆ ಅದು ನಿಂತಿದೆ. ವರದಿಗಾರಿಕೆಯಲ್ಲಿ ಆರಂಭದ ಸಂಬಳ ಕಡಿಮೆ. ಕೆಲಸ ಬಹುತೇಕ ಗುತ್ತಿಗೆಯದು. ರಾತ್ರಿ ಪಾಳಿ ಇರುತ್ತದೆ. ಮಗಳನ್ನು ಕಳಿಸುವ ತಾಯಿ ಇದನ್ನು ತಿಳಿದೇ ಕಳಿಸಬೇಕು.

ಮಗಳ ವಿಷಯ ಬಂದದ್ದರಿಂದ ಹೇಳುತ್ತೇನೆ. “ಗಂಡುಮಕ್ಕಳಾದರೆ ಸರಿ, ಹೆಣ್ಣುಮಕ್ಕಳಿಗೆ ಈ ಓದು ಏಕೆ?” ಎಂಬ ಮಾತು ಇಲ್ಲಿಯೂ ಕೆಲವರ ಮನಸ್ಸಿನಲ್ಲಿದೆ. ತಲಾಖ್, ಹಿಜಾಬ್, ವಿಚ್ಛೇದಿತೆಯ ಜೀವನಾಂಶ, ಹೆಣ್ಣುಮಕ್ಕಳ ಶಾಲೆ - ಕಳೆದ ನಲವತ್ತು ವರ್ಷಗಳಲ್ಲಿ ನಮ್ಮನ್ನು ಕುರಿತು ನಡೆದ ಸಾರ್ವಜನಿಕ ಚರ್ಚೆಗಳಲ್ಲಿ ಹಲವು ನಮ್ಮ ಹೆಣ್ಣುಮಕ್ಕಳನ್ನು ಕುರಿತವು. ಆ ಚರ್ಚೆಯಲ್ಲಿ ಮಾತನಾಡಿದವರಲ್ಲಿ ಬಹಳ ಮಂದಿ ಗಂಡಸರು, ಆ ಕಡೆಯೂ ಗಂಡಸರು, ಈ ಕಡೆಯೂ ಗಂಡಸರು. ಓದಿದ ಹೆಣ್ಣುಮಗಳು ಆ ಮೇಜಿನ ಮುಂದೆ ಕುಳಿತು ಮಾತನಾಡಿದರೆ ಹೊರಗಿನವರಿಗಷ್ಟೇ ಅಲ್ಲ, ನಮಗೂ ಕೆಲವು ಮಾತುಗಳು ಹಿತವೆನಿಸಲಾರವು. ಕೇಳಿಸಿಕೊಳ್ಳಲು ಸಿದ್ಧರಾಗಿರೋಣ. ದೂರ ಕಳಿಸಲು, ಸಹಶಿಕ್ಷಣಕ್ಕೆ ಒಪ್ಪಲು ಹಿಂಜರಿಯುವವರಿಗೆ ವಿಜಯಪುರದಲ್ಲಿ 2003ರಲ್ಲಿ ಸ್ಥಾಪನೆಯಾದ, ಈಗ ಅಕ್ಕಮಹಾದೇವಿಯ ಹೆಸರಿನಲ್ಲಿರುವ ರಾಜ್ಯ ಮಹಿಳಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ವಿಭಾಗವಿದೆ.

ಇನ್ನೂ ಮುಂದಕ್ಕೆ ನೋಡುವವರಿಗೆ ದೆಹಲಿಯಲ್ಲಿ 1965ರಿಂದ ಇರುವ ಭಾರತೀಯ ಜನಸಂವಹನ ಸಂಸ್ಥೆ, ಜಾಮಿಯಾ ಮಿಲ್ಲಿಯಾದಲ್ಲಿ ಕುಲಪತಿ ಅನ್ವರ್ ಜಮಾಲ್ ಕಿದ್ವಾಯಿ ಅವರು 1982ರಲ್ಲಿ ಕಟ್ಟಿದ ಜನಸಂವಹನ ಸಂಶೋಧನಾ ಕೇಂದ್ರ, ಉರ್ದು ಮಾಧ್ಯಮದಲ್ಲಿ ಓದಿದವರಿಗೆ ಹೈದರಾಬಾದಿನ ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ ಇವೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ರಾಜಕೀಯ ಮತ್ತು ಸಂವಹನವೆಂಬ ಹೆಸರಿನದೇ ಒಂದು ವರ್ಷದ ಸ್ನಾತಕೋತ್ತರ ವ್ಯಾಸಂಗವಿದೆ. ವೆಚ್ಚ ನಮ್ಮಂಥವರ ಎಟುಕಿಗೆ ಮೀರಿದ್ದು, ವಿದ್ಯಾರ್ಥಿವೇತನ ಸಿಕ್ಕರೆ ಮಾತ್ರ ಯೋಚಿಸಬೇಕು. ಹಣದ ಬಗ್ಗೆ ಒಂದು ಕಹಿ ಸುದ್ದಿ ನಿಮಗೆ ತಿಳಿದಿರಲಿ. ಸಾಚಾರ್ ವರದಿಯ ನಂತರ ಅಲ್ಪಸಂಖ್ಯಾತ ಸಂಶೋಧಕರಿಗಾಗಿ ಆರಂಭವಾಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ವಿದೇಶಿ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯ ನೀಡುತ್ತಿದ್ದ ‘ಪಢೋ ಪರದೇಸ್’ ಯೋಜನೆಯೂ ಅದೇ ಸುಮಾರಿಗೆ ನಿಂತಿತು. ಹೀಗಾಗಿ ಪಿಎಚ್.ಡಿ.ವರೆಗೆ ಹೋಗುವ ಮಕ್ಕಳ ಹೊರೆ ಮತ್ತೆ ಮನೆಯ ಮೇಲೆ, ಜಮಾಅತ್‌ನ ಮೇಲೆ ಬಿದ್ದಿದೆ. ಮದುವೆಯ ಊಟಕ್ಕೆ ನಾವು ಮಾಡುವ ಖರ್ಚಿನ ಬಗ್ಗೆ ಇಲ್ಲಿ ಮಾತನಾಡಿದರೆ ಸಭೆ ಕದಡುತ್ತದೆ. ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣ.

ವಿದ್ಯಾರ್ಥಿಗಳಿಗೆ ಎರಡು ಮಾತು. ನೀವು ಬಿ.ಕಾಂ. ಓದುತ್ತಿರಿ, ಬಿ.ಎಸ್ಸಿ. ಓದುತ್ತಿರಿ, ಪತ್ರಿಕೋದ್ಯಮದ ಎಂ.ಎ.ಗೆ ಹೆಚ್ಚಿನ ಕಡೆ ಯಾವುದೇ ಪದವಿ ನಡೆಯುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಹಲವಕ್ಕೆ 2022ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದಿದೆ. ಅರ್ಜಿಯ ದಿನಾಂಕ ನೀವೇ ನೋಡಿಕೊಳ್ಳಬೇಕು. ಕನ್ನಡವನ್ನು ತಿದ್ದಿಕೊಳ್ಳಿ. ಮನೆಯಲ್ಲಿ ಉರ್ದು ಆಡುವ ನಮ್ಮ ಮಕ್ಕಳು ಕನ್ನಡದಲ್ಲಿ ಅಂಕ ತೆಗೆಯುತ್ತಾರೆ, ಆದರೆ ಒಂದು ಪುಟ ತಪ್ಪಿಲ್ಲದೆ ಬರೆಯಲು ಅಳುಕುತ್ತಾರೆ. ಈ ನಾಡಿನ ಜನರನ್ನು ಅವರ ಭಾಷೆಯಲ್ಲಿ ತಲುಪಲಾಗದವನು ಎಷ್ಟು ಸಿದ್ಧಾಂತ ಓದಿದರೂ ಏನು ಬಂತು? ಅದೇ ಹೊತ್ತಿಗೆ ಉರ್ದುವನ್ನೂ ಬಿಡಬೇಡಿ. ಎರಡೂ ಭಾಷೆ ಓದಬಲ್ಲ ವರದಿಗಾರರು ಸುದ್ದಿಮನೆಗಳಲ್ಲಿ ವಿರಳ.

ಪ್ರವೇಶಕ್ಕೆ ಇನ್ನೂ ಸಮಯವಿರುವವರು ಈಗಲೇ ಒಂದು ಕೆಲಸ ಆರಂಭಿಸಬಹುದು. ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಗ್ರಂಥಾಲಯದಲ್ಲಿ ದಿನಕ್ಕೆ ಎರಡು ಕನ್ನಡ ಪತ್ರಿಕೆ, ಒಂದು ಉರ್ದು ಅಥವಾ ಆಂಗ್ಲ ಪತ್ರಿಕೆ ಓದಿ, ನಮ್ಮ ಜಿಲ್ಲೆಯ ಒಂದೇ ಸುದ್ದಿಯನ್ನು ಮೂರರಲ್ಲೂ ಹುಡುಕಿ. ಯಾವ ಪುಟದಲ್ಲಿ ಬಂತು, ಎಷ್ಟು ಸಾಲು, ಯಾರ ಹೇಳಿಕೆಗಳಿವೆ, ಯಾರನ್ನು ಕೇಳಿಲ್ಲ, ಶೀರ್ಷಿಕೆಗೂ ಒಳಗಿನ ಸುದ್ದಿಗೂ ತಾಳೆಯಿದೆಯೇ ಎಂದು ದಿನಾಂಕ ಹಾಕಿ ಬರೆದಿಡಿ. ಮೂರು ತಿಂಗಳು ಮಾಡಿ. ಸಂದರ್ಶನಕ್ಕೆ ಹೋಗುವಾಗ ಆ ನೋಟ್‌ಬುಕ್ ಕೈಯಲ್ಲಿರಲಿ. ಮತ್ತೆ, ಒಂದು ಭಾನುವಾರ ನಾಲ್ಕೈದು ಮಂದಿ ಸೇರಿ ಕಲ್ಯಕ್ಕೆ ಹೋಗಿ ಆ ಕಲ್ಲನ್ನು ನೋಡಿಬನ್ನಿ. ಹಳಗನ್ನಡದ ಲಿಪಿ ನಿಮಗೆ ಓದಲು ಬರದಿದ್ದರೆ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ ಅದರ ಪಾಠ ಅಚ್ಚಾಗಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಬಿ.ಎಲ್. ರೈಸ್ ಆ ಕೆಲಸ ಮಾಡಿಸಿದ್ದರು. ಯಾರ್ಯಾರ ಹೆಸರು ಅದರಲ್ಲಿದೆ ಎಂದು ಪಟ್ಟಿ ಮಾಡಿಕೊಳ್ಳಿ.